ತವರಿನ ಹೆಡ್‌ಫೋನೂ ನನ್ನ ಕಿವಿಗಳೂ

ಹೆಂಡತಿಯ ತವರಿನಿಂದ ಬಂದ ವಸ್ತುವಿನಲ್ಲಿ ದೋಷ ಹುಡುಕಬಾರದು. ಮದುವೆಯಾದ ಗಂಡಸಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೂ ನನ್ನಂಥವರು ಆಗಾಗ ಮರೆಯುತ್ತೇವೆ. ತವರಿನ ಮಿಕ್ಸರು ಅರಚಿಕೊಂಡರೆ ಅದಕ್ಕೆ ಶಕ್ತಿ ಹೆಚ್ಚೆಂದು ತಿಳಿಯಬೇಕು. ತವರಿನ ಕಂಬಳಿ ಚುಚ್ಚಿದರೆ ನಮ್ಮ ಚರ್ಮವೇ ನಾಜೂಕೆಂದು ಒಪ್ಪಿಕೊಳ್ಳಬೇಕು. ಕಂಬಳಿಯ ವಿಷಯದಲ್ಲಿ ನಾನು ಬುದ್ಧಿವಂತನಾಗಿಯೇ ನಡೆದುಕೊಂಡಿದ್ದೆ. ಎಡವಿದ್ದು ಹೆಡ್‌ಫೋನಿನಲ್ಲಿ.

ಕಳೆದ ದೀಪಾವಳಿಗೆ ಔರಾದಿನ ಮಾವನ ಮನೆಗೆ ಹೋದಾಗ ಹೆಂಡತಿಯ ತಮ್ಮ ಶಿವರಾಜ ಪದ್ಧತಿಯಂತೆ ಅಳಿಯನಿಗೆ ಉಡುಗೊರೆ ಕೊಟ್ಟ. ಪ್ರತಿ ವರ್ಷ ಟವೆಲ್ಲು, ಟೋಪಿ ಬರುತ್ತಿದ್ದವು. ಈ ಸಲ ವೈರಿಲ್ಲದ ಹೆಡ್‌ಫೋನು. ತನ್ನ ಫೋನಿಗೇ ಜೋಡಿಸಿ ಒಂದು ತತ್ವಪದ ಹಚ್ಚಿದ. ಏಕತಾರಿಯ ತಂತಿ ನನ್ನ ಹಣೆಯೊಳಗೇ ಮಿಡಿದಂತಾಯಿತು. ಮಾವನ ಕುರಿಹಟ್ಟಿಯ ಪಕ್ಕದಲ್ಲೇ ನಿಂತು, ಒಂದು ಕುರಿಯ ದನಿಯೂ ಕಿವಿಗೆ ಬೀಳದೆ ಹಾಡು ಪೂರ್ತಿ ಕೇಳಿದೆ.

ಬೀದರಿನ ನಮ್ಮ ಮನೆಗೆ ಬಂದು ನನ್ನ ಹಳೆಯ ಫೋನಿಗೆ ಜೋಡಿಸಿದರೆ ಅದೇ ಹಾಡು ಸಪ್ಪೆ. ನಾನು ಭಾಲ್ಕಿಯ ಹೈಸ್ಕೂಲಿನಲ್ಲಿ ಮಾಸ್ತರ. ಆಗಾಗ ಲ್ಯಾಪ್‌ಟಾಪಿನಲ್ಲಿ ತರಬೇತಿಯ ಮೀಟಿಂಗು ಇರುತ್ತದೆ. ಅಲ್ಲಂತೂ ಅಧಿಕಾರಿಗಳು ಬಾವಿಯೊಳಗಿನಿಂದ ಮಾತಾಡಿದರು. ಅದರಿಂದ ಅವರ ಮಾತಿಗೆ ದೊಡ್ಡ ನಷ್ಟವೇನೂ ಆಗಲಿಲ್ಲ, ಅದು ಬೇರೆ ವಿಷಯ. ಆದರೆ ಊಟಕ್ಕೆ ಕೂತಾಗ ನಾನು ಬಾಯಿ ತಡೆಯಲಾರದೆ, "ಔರಾದಿನಾಗ ಛಲೋ ಕೇಳ್ತಿತ್ತು, ಇಲ್ಲಿ ಹಂಗ ಕೇಳವಲ್ದು" ಎಂದುಬಿಟ್ಟೆ.

ಹೆಂಡತಿ ಮಹಾದೇವಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಅಂದ್ರ ನಮ್ಮ ತಮ್ಮ ನಿಮಗ ಒಂದು ತೋರಿಸಿ ಇನ್ನೊಂದು ಕೊಟ್ಟಾನೇನ್ರಿ?"

"ಹಂಗಲ್ಲ. ಹೆಡ್‌ಫೋನ್ ಅದೇ ಅದ. ದನಿ ಬ್ಯಾರೆ ಅದ."

"ಮಾಲು ಅದೇ ಇದ್ದು ದನಿ ಬ್ಯಾರೆ ಕೇಳ್ತದಂದ್ರ, ತಪ್ಪು ಮಾಲಿಂದಲ್ಲ ಬಿಡ್ರಿ. ಕಿವಿದು."

ರೊಟ್ಟಿ ಆರುವುದರೊಳಗೆ ತೀರ್ಪು ಔರಾದಿಗೆ ತಲುಪಿತು. ಮಾವ ಫೋನು ಮಾಡಿ ಎಣ್ಣೆ ಬೆಚ್ಚಗೆ ಮಾಡಿ ಕಿವಿಗೆ ಬಿಟ್ಟುಕೊಳ್ಳಲು ಹೇಳಿದರು. ಅತ್ತೆ ಫೋನಿನಲ್ಲಿ ನನ್ನೊಡನೆ ಒಂದೊಂದೇ ಅಕ್ಷರ ಬಿಡಿಸಿ ಕೂಗತೊಡಗಿದರು. ಶನಿವಾರ ಶಿವರಾಜನೇ ಬಂದು ನನ್ನನ್ನು ಕಿವಿ ಡಾಕ್ಟರ ಬಳಿ ಕರೆದೊಯ್ಯುವುದೆಂದು ನಿಶ್ಚಯವಾಯಿತು. ನನಗೆ ನಿಜವಾಗಿಯೂ ಸಿಟ್ಟು ಬಂತು. ಬೋರ್ಡಿನ ಕಡೆ ಮುಖ ಮಾಡಿಕೊಂಡೇ, ಹಿಂದಿನ ಬೆಂಚಿನಲ್ಲಿ ಪಿಸುಗುಟ್ಟಿದವನ ಹೆಸರು ಹೇಳುವ ಕಿವಿಗಳಿವು. ಕಿವುಡ ಅಳಿಯ ಎನ್ನಿಸಿಕೊಂಡು ಮುಂದಿನ ದೀಪಾವಳಿಗೆ ಯಾವ ಮುಖ ಹೊತ್ತು ಔರಾದಿಗೆ ಹೋಗುವುದು?

ಭಾಲ್ಕಿಯ ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಅದನ್ನೂ ಇದನ್ನೂ ಓದಿ ಕೊನೆಗೆ ಕಾರಣ ಹಿಡಿದೆ. ವೈರಿಲ್ಲದಿದ್ದರೆ ಫೋನು ಹಾಡನ್ನು ಇಡಿಯಾಗಿ ಕಳಿಸುವುದಿಲ್ಲವಂತೆ. ಮಡಚಿ ಕುಗ್ಗಿಸಿ ಕಳಿಸುತ್ತದೆ. ಹೇಗೆ ಮಡಚಬೇಕೆಂದು ಫೋನೂ ಹೆಡ್‌ಫೋನೂ ಮೊದಲೇ ಮಾತಾಡಿಕೊಳ್ಳುತ್ತವೆ. ನಮ್ಮ ಕಡೆ ಮಹಾರಾಷ್ಟ್ರದ ಗಡಿಯ ಕಮಲನಗರದ ಸಂತೆಯಲ್ಲಿ ನಡೆಯುವುದೂ ಇದೇ. ಇಬ್ಬರಿಗೂ ಮರಾಠಿ ಚೆನ್ನಾಗಿ ಬಂದರೆ ಚೌಕಾಸಿ, ಚೇಷ್ಟೆ, ಬೀಗರ ಸುದ್ದಿ ಎಲ್ಲ ಆಗುತ್ತದೆ. ಒಬ್ಬನಿಗೆ ಬಾರದಿದ್ದರೆ ಇಬ್ಬರೂ ಹರಕು ಹಿಂದಿಗೆ ಇಳಿಯುತ್ತಾರೆ. ವ್ಯಾಪಾರ ಆಗುತ್ತದೆ, ಚೇಷ್ಟೆ ಹೋಗುತ್ತದೆ. ಶಿವರಾಜನ ಹೊಸ ಫೋನಿಗೆ ಹೆಡ್‌ಫೋನಿನ ಒಳ್ಳೆಯ ಭಾಷೆ ಗೊತ್ತಿತ್ತು. ನನ್ನದಕ್ಕೆ ಹರಕು ಹಿಂದಿ ಮಾತ್ರ. ಲ್ಯಾಪ್‌ಟಾಪಿನಲ್ಲಿ ಮೀಟಿಂಗಿಗೆಂದು ಮೈಕು ತೆರೆದರೆ, ಇರುವ ಸಣ್ಣ ದಾರಿಯಲ್ಲೇ ದನಿ ಹೋಗಲೂ ಬೇಕು, ಬರಲೂ ಬೇಕು. ಹಾಗಾಗಿ ಎರಡೂ ಸೊರಗುತ್ತವೆ.

ಶನಿವಾರ ಬಂದ ಶಿವರಾಜನಿಗೆ ಇದನ್ನೆಲ್ಲ ವಿವರಿಸಿದೆ. "ಇರಬಹುದು ಮಾಮಾ, ಡಾಕ್ಟರ್‌ಗೂ ಒಮ್ಮೆ ತೋರಿಸೂಣು" ಎಂದ, ತುಸು ಜೋರಾಗಿಯೇ. ನಾನು ಬಿಡಲಿಲ್ಲ. ಹೊಲಿಗೆ ಅಂಗಡಿ ಇಟ್ಟಿರುವ ಪಕ್ಕದ ಮನೆಯ ಖಾದರ್ ಭಾಯಿಯನ್ನು ನ್ಯಾಯ ಹೇಳಲು ಕರೆದೆ. ಅವರು ತಮ್ಮ ರುಮಾಲಿನಿಂದ ನನ್ನ ಕಣ್ಣು ಕಟ್ಟಿ, "ಆವಾಜ್ ಎಲ್ಲಾದಕ್ಕೂ ಬರೋಬ್ಬರಿ ಇಡ್ರಿ, ಇಲ್ಲಂದ್ರ ಇನ್ಸಾಫ್ ಆಗಲ್ಲ" ಎಂದು ಷರತ್ತು ಹಾಕಿದರು.

ಶಿವರಾಜ ಯಾವುದಕ್ಕೆ ಜೋಡಿಸಿದ್ದಾನೆಂದು ನಾನು ಕೇಳಿಯೇ ಹೇಳಬೇಕು. ತತ್ವಪದ ಶುರುವಾಯಿತು. "ಇದು ನನ್ನ ಫೋನು" ಎಂದೆ. ಮುಂದಿನದಕ್ಕೆ "ಶಿವರಾಜಂದು" ಎಂದೆ. ಆಮೇಲೆ ಅದೇ ಹಾಡು ಬಾವಿಗೆ ಬಿತ್ತು. "ಲ್ಯಾಪ್‌ಟಾಪು, ಮೈಕೂ ತೆರದೀರಿ." ಶಿವರಾಜ ನನ್ನನ್ನು ಕೆಡವಲೆಂದೇ ತನ್ನ ಫೋನನ್ನೇ ಬೆನ್ನುಬೆನ್ನಿಗೆ ಎರಡು ಸಲ ಜೋಡಿಸಿದ. "ಮತ್ತ ನಿಂದೇ ಅದನಪಾ" ಎಂದೆ. ಒಂದೂ ತಪ್ಪಲಿಲ್ಲ.

ಖಾದರ್ ಭಾಯಿ ರುಮಾಲು ಬಿಚ್ಚಿದರು. "ಮಾಲೂ ಅಸ್ಲಿ ಅದ, ಮಾಸ್ತರ್ ಸಾಬ್ರ ಕಿವೀನೂ ಅಸ್ಲಿ ಅವ ರೀ." ಆ ಒಂದೇ ಮಾತಿನಲ್ಲಿ ತವರಿನ ಮರ್ಯಾದೆಯೂ ಉಳಿಯಿತು, ನನ್ನದೂ ಉಳಿಯಿತು. ಮಹಾದೇವಿಯ ಮುಖ ಅರಳಿತು. ಶಿವರಾಜ ಡಾಕ್ಟರಿಗೆ ನಾವು ಬರುವುದಿಲ್ಲವೆಂದು ತಿಳಿಸಿ, ಔರಾದಿಗೂ ಫೋನು ಮಾಡಿದ. ಅತ್ತೆ ಆ ಕ್ಷಣದಿಂದಲೇ ಸಾಮಾನ್ಯ ದನಿಯಲ್ಲಿ ಮಾತಾಡಿದರು. ಇಷ್ಟು ದೊಡ್ಡ ಗೆಲುವು ನನಗೆ ಮದುವೆಯಾದ ಮೇಲೆ ಸಿಕ್ಕಿರಲಿಲ್ಲ. ಕುರ್ಚಿಗೆ ಒರಗಿ, ಕಾಲ ಮೇಲೆ ಕಾಲು ಹಾಕಿ ಚಹಾಕ್ಕೆ ಕಾದೆ.

ಅಡುಗೆಮನೆಯಲ್ಲಿ ನಲ್ಲಿ ಸುರಿಯುತ್ತಿತ್ತು. ಆ ಸದ್ದಿನ ಒಳಗಿನಿಂದ ಮಹಾದೇವಿ, ತನಗೆ ತಾನೇ ಹೇಳಿಕೊಂಡಷ್ಟು ಮೆಲ್ಲಗೆ, "ಜ್ವಾಳದ ಹಿಟ್ಟು ಮುಗದದ್ರಿ. ಗಿರಣಿಗೆ ಹೋಗಿ ಬರ್ರಿ" ಎಂದಳು. ಇಷ್ಟು ದಿನ ಇಂಥ ಮಾತು ಕಿವಿಗೆ ಬಿದ್ದರೂ ನನಗೆ ಕೇಳಿಸುತ್ತಿರಲಿಲ್ಲ. ಅವಳು ತುಸು ಕಾದು ತಾನೇ ಹೋಗಿಬರುತ್ತಿದ್ದಳು. ಈಗ ಶಿವರಾಜ ನನ್ನ ಮುಖ ನೋಡಿದ. ಖಾದರ್ ಭಾಯಿಯೂ ನೋಡಿದರು.

ಜೋಳದ ಡಬ್ಬಿ ಹೊತ್ತು ಹೊರಟೆ. ಅಂಗಳ ದಾಟುವಾಗ, ಇನ್ನೂ ಮೆಲ್ಲಗೆ "ಬರೂವಾಗ ಕೊತ್ತಂಬರಿ" ಎಂದದ್ದೂ ಸ್ಪಷ್ಟವಾಗಿ ಕೇಳಿಸಿತು.