ನಿಧಾನಯ್ಯನ ವೆಬ್ ಗಡಿಯಾರ

ನಿಧಾನಯ್ಯ ಏದುಸಿರು ಬಿಡುತ್ತ ಕಚೇರಿಗೆ ನುಗ್ಗಿದಾಗ ಗೋಡೆ ಗಡಿಯಾರದಲ್ಲಿ ಹತ್ತು ಗಂಟೆ ನಾಲ್ಕು ನಿಮಿಷ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಸಹೋದ್ಯೋಗಿಗಳು ಇಟ್ಟದ್ದೇ ತನಗೆ ಹೆಚ್ಚು ಒಪ್ಪುತ್ತದೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ.

"ಇನ್ನೊಂದು ಸಲ ತಡ ಆದ್ರೆ ಊರಾಚೆ ಗೋದಾಮಿಗೆ ಕಳಿಸ್ತೀನಿ ಅಂದಿದ್ದೆ," ಎಂದರು ಮ್ಯಾನೇಜರ್. ಅವರಿಗೆ ಆ ಗೋಡೆ ಗಡಿಯಾರವೇ ವೇದವಾಕ್ಯ.

ಗೋದಾಮಿಗೆ ಎರಡು ಬಸ್ಸು ಬದಲಿಸಬೇಕು. ಒಂದು ಬಸ್ಸನ್ನೇ ನೆಟ್ಟಗೆ ಹಿಡಿಯಲಾಗದವನು ತಟ್ಟನೆ ಗೋಡೆಯತ್ತ ಕೈ ತೋರಿಸಿದ. "ಸಾರ್, ಆ ಗಡಿಯಾರವೇ ಮುಂದಿದೆ! ನನ್ನ ವಾಚಲ್ಲಿ ಇನ್ನೂ ಹತ್ತಾಗಿಲ್ಲ."

"ನಿಮ್ಮ ವಾಚು ನಿಮ್ಮ ಹಾಗೇ ಇರುತ್ತೆ. ಸಂಜೆಯೊಳಗೆ ಪುರಾವೆ ಕೊಡಿ. ಇಲ್ಲಾಂದ್ರೆ ಗೋದಾಮು."

ನಿಧಾನಯ್ಯ ಇತ್ತೀಚೆಗೆ ವಿಡಿಯೋ ನೋಡಿ ವೆಬ್ ಪುಟ ಮಾಡುವುದನ್ನು ಕಲಿತಿದ್ದ. ಪುರಾವೆಗೆಂದು ವೆಬ್ ಗಡಿಯಾರವನ್ನೇ ಮಾಡಲು ಕೂತ. ಮಧ್ಯಾಹ್ನದೊಳಗೆ ಪರದೆಯ ಮೇಲೆ ಸೆಕೆಂಡುಗಳು ಓಡತೊಡಗಿದವು. ಅವನ ವಾಚಿಗೂ ಅದಕ್ಕೂ ಎಳ್ಳಷ್ಟೂ ವ್ಯತ್ಯಾಸವಿಲ್ಲ. "ನೋಡ್ರಪ್ಪಾ!" ಎಂದು ಕುಣಿದ.

ಪಕ್ಕದ ಮೇಜಿನ ಟೈಪಿಸ್ಟ್ ಅದೇ ಪುಟವನ್ನು ತನ್ನ ಕಂಪ್ಯೂಟರಿನಲ್ಲಿ ತೆರೆದಳು. ಅಲ್ಲಿ ಬೇರೆಯೇ ಸಮಯ! "ಅಯ್ಯೋ ಪುಣ್ಯಾತ್ಮ, ಇದು ಆಯಾ ಕಂಪ್ಯೂಟರಲ್ಲಿರೋ ಟೈಮನ್ನೇ ತೋರಿಸ್ತಿದೆ. ನಿನ್ನ ಕಂಪ್ಯೂಟರಿಗೆ ಟೈಮ್ ಇಟ್ಟಿದ್ದು ಯಾರು?"

"ನಾನೇ. ವಾಚ್ ನೋಡ್ಕೊಂಡು..." ನಿಧಾನಯ್ಯ ಹಣೆ ಚಚ್ಚಿಕೊಂಡ. "ನನ್ನ ಪರವಾಗಿ ನಾನೇ ಸಾಕ್ಷಿ ಹೇಳ್ದಂಗಾಯ್ತು! ನನ್ನಂಥ ಬೃಹಸ್ಪತಿ ಇನ್ನೊಬ್ಬ ಸಿಗ್ತಾನಾ?"

"ಇಲ್ಲಿಗೇ ಬಿಟ್ಬಿಡೋ," ಎಂದರು ಅಕೌಂಟೆಂಟ್. "ಸಾಹೇಬ್ರ ಕೈಕಾಲು ಹಿಡಿ, ನಾವೂ ಒಂದು ಮಾತು ಹೇಳ್ತೀವಿ."

ಹೊಟ್ಟೆಕಿಚ್ಚು ಇವರಿಗೆ ಎಂದುಕೊಂಡ ನಿಧಾನಯ್ಯ. ಇಂಟರ್ನೆಟ್ಟಿನಲ್ಲಿ ಸರಿಯಾದ ಸಮಯ ಕೊಡುವ ಸರ್ವರಿಗೆ ಪುಟವನ್ನು ಜೋಡಿಸಹೊರಟ. ಜವಾನ ಎರಡು ಸಲ ಇಂಟರ್ನೆಟ್ ತಂತಿ ಕಿತ್ತು, "ಕಾಲು ತಗುಲಿತು ಸ್ವಾಮಿ" ಎಂದ. ನಿಧಾನಯ್ಯ ಜಗ್ಗಲಿಲ್ಲ. ಸರ್ವರಿಗೆ ಪ್ರಶ್ನೆ ಹೋಗಿ ಉತ್ತರ ಬರಲು ಹಿಡಿಯುವ ಹೊತ್ತನ್ನೂ ಅಳೆದು, ಉತ್ತರ ಬರುವ ದಾರಿಯದೆಂದು ಅದರ ಅರ್ಧವನ್ನು ಸಮಯಕ್ಕೆ ಕೂಡಿಸಿದ. ಜನ್ಮದಲ್ಲೇ ಮೊದಲ ಸಲ ಅವನು ಸೆಕೆಂಡಿನ ಚೂರಿಗೂ ಬೆಲೆ ಕೊಟ್ಟಿದ್ದ. ಅದು ಮುಗಿಯುವಷ್ಟರಲ್ಲಿ ಒಳಗಿನಿಂದ ಕರೆ ಬಂತು.

ಮ್ಯಾನೇಜರ್ ತಮ್ಮ ಕಂಪ್ಯೂಟರಿನಲ್ಲಿ ಪುಟ ತೆರೆದರು. "ಇದನ್ನ ನಂಬಬಹುದಾ?"

"ಕೂದಲೆಳೆಯಷ್ಟೂ ತಪ್ಪಿಲ್ಲ ಸಾರ್. ಬೇಕಾದ್ರೆ ಬರೆದುಕೊಡ್ತೀನಿ."

ಮ್ಯಾನೇಜರ್ ಪರದೆ ನೋಡಿದರು, ಬಾಗಿಲಾಚೆಯ ಗೋಡೆ ನೋಡಿದರು. ಪರದೆಯಲ್ಲಿ ಐದು ಗಂಟೆ. ಗೋಡೆಯಲ್ಲಿ ಐದಕ್ಕೆ ಇನ್ನೂ ಕಾಲು ಗಂಟೆ ಬಾಕಿ.

"ನೀವು ಹೇಳಿದ್ದು ನಿಜ, ಗೋಡೆ ಗಡಿಯಾರ ಸರಿಯಿಲ್ಲ," ಎಂದರು ತಣ್ಣಗೆ. "ಕಾಲು ಗಂಟೆ ಹಿಂದಿದೆ. ಅಂದ್ರೆ ನೀವು ಇವತ್ತು ನಾಲ್ಕು ನಿಮಿಷ ತಡವಾಗಿ ಬಂದಿಲ್ಲ, ಹತ್ತೊಂಬತ್ತು ನಿಮಿಷ. ನಾಳೆಯಿಂದ ಗೋದಾಮು."

ನಿಧಾನಯ್ಯ ಪೆಚ್ಚುಮೋರೆ ಹಾಕಿಕೊಂಡು ಹೊರಗೆ ಬಂದ. ಎಲ್ಲರೂ ಅವನನ್ನು ಸುತ್ತುವರಿದರು.

"ದಡ್ಡ ಶಿಖಾಮಣಿ!" ಎಂದರು ಅಕೌಂಟೆಂಟ್. "ನಿನ್ನನ್ನ ಗೋದಾಮಿನಿಂದ ಉಳಿಸೋಕೇ ಕಣೋ ನಾವು ಆ ಗಡಿಯಾರ ಹಿಂದಕ್ಕೆ ತಿರುಗಿಸಿದ್ದು. ನಿನ್ನಿಂದಾಗಿ ದಿನಾ ಸಂಜೆ ಇಷ್ಟೂ ಜನ ಕಾಲು ಗಂಟೆ ಹೆಚ್ಚು ಕೂರ್ತಿದ್ವಿ."

ನಿಧಾನಯ್ಯನ ಕಣ್ಣು ತುಂಬಿ ಬಂತು. "ಅದನ್ನ ನನಗೆ ಮೊದಲೇ ಹೇಳಬಾರದಿತ್ತಾ ಅಣ್ಣ?"

"ಹೇಳಿದ್ರೆ ನೀನು ಇನ್ನೂ ಕಾಲು ಗಂಟೆ ತಡವಾಗಿ ಬರ್ತಿದ್ದೆ!"