ಹದಿನೇಳನೇ ನಂಬರಿನ ಗಂಡ

ನಮ್ಮ ಬೀದಿಯ ಊಟದ ತಟ್ಟೆಗಳನ್ನು ಆರೇ ತಿಂಗಳಲ್ಲಿ ಉದ್ಧಾರ ಮಾಡಿಬಿಡುತ್ತೇನೆಂದು ಪಣ ತೊಟ್ಟವನು ನಾನು! ಪೌಷ್ಟಿಕ ಆಹಾರದ ಸಂಶೋಧಕನೆಂದರೆ ಸುಮ್ಮನೆಯೇ? ಆದರೆ ಈ ಸಲ ಜನರನ್ನೂ ಸಂಶೋಧನೆಗೆ ಸೇರಿಸಿಕೊಳ್ಳಬೇಕೆಂದು ಮೇಲಿನವರ ಅಪ್ಪಣೆ. ಪ್ರಶ್ನೆಗಳನ್ನೂ ಜನರೇ ಹೇಳಬೇಕಂತೆ!

ಮೊದಲ ಸಭೆಯಲ್ಲೇ ಬೀದಿ ಕೊನೆಯ ಟೈಲರಮ್ಮ ಎದ್ದು ನಿಂತರು. "ಏನು ತಿಂದ್ರಿ ಅಂತ ಕೇಳಿದ್ರೆ ಸಾಲಲ್ಲ ಸಾರ್. ಮನೇಲಿ ಕೊನೇಗೆ ತಿನ್ನೋರು ಯಾರು, ಅವರಿಗೆ ಏನು ಉಳಿದಿತ್ತು, ಅದನ್ನೂ ಕೇಳಿ."

"ಅದು ಸಂಸಾರದ ವಿಷಯ ಅಮ್ಮಾ, ವಿಜ್ಞಾನ ಅಲ್ಲ," ಎಂದೆ. ಕೈ ಎತ್ತಿಸಿ ನೋಡಿದರು. ಕೆಳಗಿದ್ದದ್ದು ನನ್ನದೊಂದೇ ಕೈ!

ನಲವತ್ತು ಮನೆ ಬೇಕಿತ್ತು, ಮೂವತ್ತೊಂಬತ್ತು ಸಿಕ್ಕವು. ತಿಂದದ್ದನ್ನು ಬರೆದಿಡಲು ಮನೆಗೊಂದು ಪುಸ್ತಕ ಹಂಚಿ, ಉಳಿದ ಒಂದನ್ನು ಹೆಂಡತಿಯ ಕೈಗೆ ತುರುಕಿದೆ.

"ಏನು ಬರೀಲಿ?"

"ಒಂದು ವಾರ ತಿಂದಿದ್ದೆಲ್ಲ ಬರಿ. ಲೆಕ್ಕಕ್ಕೊಂದು ಮನೆ ಆದ್ರೆ ಸಾಕು."

"ನಿಜಾನೇ ಬರೀಬೇಕಾ?"

"ಇನ್ನೇನು, ಕಥೆ ಬರೀತೀಯಾ?"

ವಾಪಸು ಬಂದ ಪುಸ್ತಕಗಳನ್ನು ಆಫೀಸಿನವರು ಕಲೆಸಿ ನಂಬರು ಹಾಕಿದರು, ಹೆಸರಿಲ್ಲ. ಯಾವುದು ಯಾರದೆಂದು ನನಗೂ ತಿಳಿಯಬಾರದೆಂದು ಆಫೀಸಿನಲ್ಲಿ ಎಲ್ಲವನ್ನೂ ಟೈಪು ಮಾಡಿಸಿದ್ದೆ.

ಕೊನೆಯ ಸಭೆಗೆ ಹೆಂಡತಿಯನ್ನು ಒತ್ತಾಯ ಮಾಡಿ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದೆ. ನನ್ನ ಭಾಷಣವನ್ನು ಒಮ್ಮೆಯಾದರೂ ಕೇಳಲಿ! ಹದಿನೇಳನೇ ನಂಬರಿನ ಪುಟ ಓದತೊಡಗಿದೆ.

"ಸೋಮವಾರ: ಮಗಳು ಬಿಟ್ಟ ಅರ್ಧ ಮೊಟ್ಟೆ, ನಿಂತುಕೊಂಡೇ. ಮಂಗಳವಾರ: ಪಾತ್ರೆಯ ತಳ ಕೆರೆದದ್ದು. ಬುಧವಾರ: ಅವರು ಎರಡನೇ ಸಲ ಹಾಕಿಸಿಕೊಂಡರು, ನನಗೆ ಚಹಾ. ಗುರುವಾರ: ತಲೆ ಸುತ್ತಿ ಕೂತೆ. ಯಾಕೆ ಎಂದು ಅವರು ಕೇಳಲಿಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಮೇಜು ಗುದ್ದಿದೆ. "ನೋಡಿ, ಇಂಥ ಗಂಡಂದಿರೂ ಇದ್ದಾರೆ! ಹೆಂಡತಿ ಕಣ್ಣೆದುರೇ ಸೊರಗ್ತಿದ್ರೂ ತಟ್ಟೆಯಿಂದ ತಲೆ ಎತ್ತದ ಮಹಾನುಭಾವರು! ಇವನು ಯಾರೇ ಆಗಿರಲಿ, ನಾನೇ ಮನೆಗೆ ಹೋಗಿ ಬುದ್ಧಿ ಹೇಳ್ತೀನಿ!"

ಚಪ್ಪಾಳೆಯೋ ಚಪ್ಪಾಳೆ! ಅದು ನಿಂತ ಮೇಲೆ ಮುಂದಿನ ಸಾಲಿನಿಂದ ತಣ್ಣಗೆ ಒಂದು ದನಿ ಬಂತು.

"ಊಟದ ಹೊತ್ತಿಗೆ ಬನ್ನಿ ರೀ. ಆಗ ತಪ್ಪದೆ ಮನೇಲಿರ್ತಾರೆ."

ಟೈಲರಮ್ಮ ನಗಲಿಲ್ಲ. ಯಾರೂ ನಗಲಿಲ್ಲ. ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ.

ಆ ದಿನ ನಾನೇ ಬಡಿಸಿದೆ, ಅವಳಿಗೆ ಮೊದಲು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳಿಗೇನು ಇಷ್ಟವೆಂದು ತಿಳಿದುಕೊಂಡಿರಲಿಲ್ಲ, ಹಾಗಾಗಿ ಎಲ್ಲವನ್ನೂ ಹಾಕಿದೆ.

ಅವಳು ತಟ್ಟೆ ನೋಡಿದಳು, ನನ್ನನ್ನು ನೋಡಿದಳು.

"ಬರೆಯೋ ವಾರ ಮುಗೀತಲ್ಲ," ಎಂದಳು. "ಇದು ಯಾರಿಗೆ ತೋರ್ಸೋಕೆ?"