ಒಂದೇ ಸೂರಿನಡಿ ಐವರು ಅತ್ತೆಯರು

ಇನ್ನು ತನ್ನ ಕೈಚಳಕವನ್ನು ಇಡೀ ಜಗತ್ತು ನೋಡಲಿದೆ ಎಂದು ಆ ಭಾನುವಾರ ಸೊಸೆ ಮನೆಮಂದಿಗೆಲ್ಲ ಘೋಷಿಸಿದಳು. ಮಗು ಹುಟ್ಟಿದ ಮೇಲೆ ಎರಡು ವರ್ಷ ಮೂಲೆ ಸೇರಿದ್ದ ವೆಬ್‌ಸೈಟ್ ವಿನ್ಯಾಸದ ಕೆಲಸಕ್ಕೆ ಮತ್ತೆ ಕೈಹಾಕಿ, ಐದು ಮಾದರಿ ಸೈಟುಗಳನ್ನು ಕಟ್ಟಿ ಮುಗಿಸಿದ್ದಳು: ಹಲ್ಲಿನ ಕ್ಲಿನಿಕ್ಕು, ವಕೀಲರ ಕಚೇರಿ, ಬೇಕರಿ, ಡ್ರೈವಿಂಗ್ ಶಾಲೆ, ಹೊಲಿಗೆ ಅಂಗಡಿ. ಯಾವುದೂ ನಿಜದ್ದಲ್ಲ. ಆದರೂ ಪ್ರತಿಯೊಂದಕ್ಕೂ ಒಂದು ನಗುಮುಖ ಬೇಕಿತ್ತು. ಪುಕ್ಕಟೆ ಸಿಕ್ಕಿದ್ದು ಅತ್ತೆಯದು. ಬಿಳಿ ಕೋಟಿನಲ್ಲೊಂದು, ಕರಿ ಕೋಟಿನಲ್ಲೊಂದು ಎಂದು ಐದು ಫೋಟೊ ತೆಗೆದಿದ್ದಳು.

ಇವನ್ನೆಲ್ಲ ಇಂಟರ್ನೆಟ್ಟಿನಲ್ಲಿ ಎಲ್ಲಿಡುವುದು ಎಂಬುದಷ್ಟೇ ಉಳಿದಿತ್ತು.

"ಐದಕ್ಕೂ ಬೇರೆ ಬೇರೆ ವಿಳಾಸ ಮಾಡು. ಪುಕ್ಕಟೆ ಜಾಗ ಬೇಕಾದಷ್ಟಿದೆ," ಎಂದ ಗಂಡ.

"ಐದು ಪಾಸ್‌ವರ್ಡ್ ಯಾರು ನೆನಪಿಟ್ಕೋತಾರೆ? ಮಗು ಸಾಕ್ಸ್ ಎಲ್ಲಿಟ್ಟೆ ಅನ್ನೋದೇ ನಂಗೆ ನೆನಪಿರಲ್ಲ. ಒಂದೇ ಹೋಸ್ಟಿಂಗ್ ಜಾಗ, ಒಂದೇ ವಿಳಾಸ, ಒಳಗೆ ಐದು ಫೋಲ್ಡರ್. ಮೊದಲ ಪುಟದಲ್ಲೇ ಐದೂ ಸಾಲಾಗಿ ಕಾಣ್ಬೇಕು."

"ಬಿಡಿಬಿಡಿಯಾಗಿ ನೋಡಿದ್ರೇ ಚೆಂದ ಕಣೆ."

"ನಿಮಗಿದೆಲ್ಲ ತಿಳಿಯಲ್ಲ, ಸುಮ್ನಿರಿ."

ಗಂಡ ಎದ್ದು ಮಗುವಿನ ಸಾಕ್ಸ್ ಹುಡುಕಲು ಹೋದ. ಮದುವೆಯಾದ ನಾಲ್ಕು ವರ್ಷದಲ್ಲಿ ಅಷ್ಟನ್ನಂತೂ ಚೆನ್ನಾಗಿ ಕಲಿತಿದ್ದ.

ಗುರುವಾರ ದಂತವೈದ್ಯೆಯೊಬ್ಬರ ಕರೆ ಬಂತು. ಅವರ ಕ್ಲಿನಿಕ್ಕಿಗೆ ಸೈಟು ಬೇಕಿತ್ತು. ಸೊಸೆ ಮಗುವನ್ನು ಅತ್ತೆಯ ಕೈಗಿತ್ತು ಓಡಿದಳು. ರೋಗಿಗಳ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ತೆರೆದರೆ, ಪುಟ ಕಣ್ಣುಮಿಟುಕಿಸುವುದರೊಳಗೆ ಬಂತು. ಅವಳು ಎದೆಯುಬ್ಬಿಸಿ ನಿಂತಳು.

ಡಾಕ್ಟರು ಬಹಳ ಹೊತ್ತು ನೋಡಿದರು.

"ಹಲ್ಲು ಕೀಳೋರೂ ಇವರೇ, ಕೋರ್ಟಿಗೆ ಹೋಗೋರೂ ಇವರೇ. ಕಾರು ಕಲಿಸೋದು ಯಾವಾಗಮ್ಮ, ಸಂಜೆ ಹೊತ್ತಾ?"

ಸೊಸೆಗೂ ಆಗಲೇ ಕಂಡದ್ದು. ಪುಟ ಕಟ್ಟುವಾಗ ಅವಳು ನೋಡಿದ್ದು ಬಣ್ಣ, ಅಂಚು, ಅಕ್ಷರಗಳನ್ನು; ಮುಖವನ್ನಲ್ಲ. ಬಿಡಿಬಿಡಿಯಾಗಿ ನೋಡಿದಾಗ ಸಹಜವಾಗೇ ಕಂಡಿದ್ದ ಅತ್ತೆ ಈಗ ಐವರಾಗಿ ಸಾಲುನಿಂತು ಬಾಯ್ತುಂಬ ನಗುತ್ತಿದ್ದರು. ಎರಡು ವರ್ಷದ ಮೇಲೆ ಸಿಗಲಿದ್ದ ಮೊದಲ ಕೆಲಸ ಕಣ್ಣೆದುರೇ ಕೈಜಾರುತ್ತಿತ್ತು.

"ನಮ್ಮತ್ತೆ, ಡಾಕ್ಟ್ರೇ. ಬರೀ ಮಾದರಿಗೆ..."

"ಸ್ವಲ್ಪ ದೊಡ್ಡದು ಮಾಡಿ. ಇನ್ನೂ. ಇನ್ನೂ."

ಕೊನೆಗೆ ಪರದೆಯ ತುಂಬ ಅತ್ತೆಯ ಬಾಯಿಯೊಂದೇ ಉಳಿಯಿತು. ಡಾಕ್ಟರು ಕನ್ನಡಕ ಏರಿಸಿ ಬಗ್ಗಿದರು.

"ಈ ಹಲ್ಲು ಕಟ್ಟಿದ್ದು ನಾನು. ಆರು ವರ್ಷ ಆಯ್ತು. ಮುಖ ಮರೆತಿದ್ದೆ, ಹಲ್ಲು ಮರೀತೀನಾ? ಸರಿಯಾಗಿ ಕೂರ್ತಿಲ್ಲ ಅಂತ ಮೂರು ಸಲ ಜಗಳಕ್ಕೆ ಬಂದಿದ್ರು. ಇಲ್ಲಿ ನೋಡಿದ್ರೆ ಐದು ಕಡೆ ನಗ್ತಿದಾರೆ."

ಸೊಸೆ ಲ್ಯಾಪ್‌ಟಾಪಿನಿಂದ ತಲೆಯೆತ್ತಿದಳು. "ಹಾಗಾದ್ರೆ ಕೆಲಸ..."

"ನಿಮಗೇ ಕೊಡ್ತೀನಮ್ಮ. ಐದೂ ಸೈಟಲ್ಲಿ ಎದ್ದು ಕಾಣ್ತಿರೋದು ನನ್ನ ಕೆಲಸ. ನಿಮ್ಮದು ಹೇಗಿರತ್ತೆ ಅಂತ ಇನ್ನು ನೋಡೋಣ."